ಬ್ಲೌಸ್ ಹೊಲಿಯೋ ನಾನು ಟಿವಿ ಗೊಂಬೆ ಮಾಡಿದ್ದು

ನಮ್ಮನೇಲಿ ಟಿವಿ ಇರ್ಲಿಲ್ಲ, ಎದುರು ಮನೇಲಿತ್ತು, ಎರಡು ಕಡೆ ಮರದ ಬಾಗ್ಲು ಎಳೆಯೋ ಬ್ಲ್ಯಾಕ್ ಅಂಡ್ ವೈಟ್ ಡಬ್ಬ. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೇಲೇ ಇತ್ತು, ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಗಾಳಿ ಬೀಸಿದ್ರೆ ಯಾರಾದ್ರೂ ಹಂಚು ಹತ್ತಿ ಆಂಟೆನಾ ತಿರುಗಿಸ್ಬೇಕು, ಕೆಳಗಿಂದ ನಾವು "ಬಂತು ಬಂತು, ಅಯ್ಯೋ ಹೋತು" ಅಂತ ಕೂಗ್ಬೇಕು. ಹಂಗೆ ನೆಲದ ಮೇಲೆ ಕೂತು ದೂರದರ್ಶನದಲ್ಲಿ ‘ಪೋಟ್ಲಿ ಬಾಬಾ ಕಿ’ ಅನ್ನೋ ಗೊಂಬೆ ಆಟ ನೋಡ್ತಿದ್ವಿ. ಹಿಂದಿ ಒಂದಕ್ಷರ ಬರ್ತಿರ್ಲಿಲ್ಲ ಆದ್ರೂ ಆ ಮುದುಕನ ಗಂಟಿನೊಳಗೆ ಕಥೆ ಐತೆ ಅನ್ನೋದು ಗೊತ್ತಾಗ್ತಿತ್ತು, ಟೈಟಲ್ ಹಾಡು ಗುಲ್ಜಾರ್ ಬರೆದಿದ್ದು ಅಂತ ತಿಳಿದಿದ್ದು ಮಾತ್ರ ಮದುವೆಯಾಗಿ ಎಷ್ಟೋ ವರ್ಷ ಆದ್ಮೇಲೆ. ಇನ್ನೂ ಜಾಸ್ತಿ ಕಾಯ್ತಿದ್ದಿದ್ದು ಲಿಜ್ಜತ್ ಹಪ್ಪಳದ ಜಾಹೀರಾತಲ್ಲಿ ಬರ್ತಿದ್ದ ಮೊಲದ ಗೊಂಬೆಗೆ. ಅದು ಹಪ್ಪಳ ಕಡಿದು ನಗೋದು ನೋಡಿ ನಾವೂ ಹಂಗೇ ನಗ್ತಿದ್ವಿ, ಅದರ ಹಿಂದೆ ಇದ್ದೋರು ರಾಮದಾಸ್ ಪಾಧ್ಯೆ, ಅರ್ಧವಟರಾವ್ ಗೊಂಬೇನ ಮಾತಾಡಿಸ್ತಿದ್ರಲ್ಲ ಅವ್ರೇ.

ನಮ್ಮ ಕಡೆ ಗೊಂಬೆ ಆಟ ಇರ್ಲಿಲ್ಲ ಅಂತಲ್ಲ. ಅಜ್ಜಿ ಊರು ಜಗಳೂರು ಕಡೆ, ಮಳೆ ಬರ್ಲಿಲ್ಲ ಅಂದ್ರೆ ತೊಗಲು ಗೊಂಬೆ ಆಡಿಸ್ತಿದ್ರಂತೆ, ಕಿಳ್ಳೇಕ್ಯಾತ ಬಂಗಾರಕ್ಕನ ಜಗಳ ಶುರುವಾದ್ರೆ ಮಲಗಿದ್ದೋರೂ ಎದ್ದು ಕೂರ್ತಿದ್ರಂತೆ. ಆದ್ರೆ ಅದು ಪರದೆ ಮೇಲಿನ ನೆರಳು. ಒಳಗೆ ಕೈ ಹಾಕಿ ಬಾಯಿ ಆಡಿಸೋ ಟಿವಿ ಗೊಂಬೆ ಬೇರೆ, ಅದು ನಿಮ್ಮನ್ನೇ ನೋಡುತ್ತೆ, ನನಗೆ ಹುಚ್ಚು ಹಿಡಿದಿದ್ದು ಆ ನೋಟಕ್ಕೆ. ಮಗಳು ಚಿಕ್ಕೋಳಿದ್ದಾಗ ‘ಗಲಿ ಗಲಿ ಸಿಮ್ ಸಿಮ್’ ಅನ್ನೋ ಮಕ್ಕಳ ಕಾರ್ಯಕ್ರಮ ಹಾಕಿದ್ರೆ ಚಮ್ಕಿ ಅನ್ನೋ ಗೊಂಬೆ ಬರ್ತಿದ್ಳು, ಸ್ಕೂಲ್ ಯೂನಿಫಾರ್ಮು, ಎರಡು ಜಡೆ. ಮಗಳಿಗಿಂತ ನಾನೇ ಬಾಯಿಬಿಟ್ಕೊಂಡು ನೋಡ್ತಿದ್ದೆ.

ಮೂರು ವರ್ಷದ ಹಿಂದೆ ನಮ್ಮ ಬೀದಿ ಗಣೇಶನ ಪೆಂಡಾಲಲ್ಲಿ ಮಕ್ಕಳಿಗೆ ಏನಾದ್ರೂ ಮಾಡ್ರಿ ಅಂದ್ರು, ಬಾಯಿ ತಪ್ಪಿ ಗೊಂಬೆ ಆಡಿಸ್ತೀನಿ ಅಂದ್ಬಿಟ್ಟೆ. ಮನೇಲಿ ಬ್ಲೌಸ್ ಹೊಲಿಯೋಳು ನಾನು, ಸೂಜಿ ಗೊತ್ತು, ಫೋಮ್ ಗೊತ್ತಿಲ್ಲ. ಕುಶನ್ ಅಂಗಡೀಲಿ ಅರ್ಧ ಇಂಚಿನ ಶೀಟ್ ತಂದು ಯೂಟ್ಯೂಬ್ ನೋಡಿ ತಲೆ ಕಟ್ಟೋಕೆ ಕೂತೆ, ಎರಡು ದಿನ ಬರೀ ತಕ್ಕಡಿ ತಟ್ಟೆ ತರ ಚಪ್ಪಟೆ ಆಗ್ತಿತ್ತು. ಮೂರನೇ ದಿನ ಯಾರದೋ ಕಟೋರಿ ಬ್ಲೌಸ್ ಕಟಿಂಗ್ ಮಾಡ್ತಿದ್ದಾಗ ಹೊಳೀತು ನೋಡ್ರಿ, ಇದೂ ಅದೇ ಲೆಕ್ಕ! ಚಪ್ಪಟೆ ಬಟ್ಟೆಗೆ ಉಬ್ಬು ಬರೋದು ಡಾರ್ಟಿಂದ, ಫೋಮಿಗೂ ವಿ ಆಕಾರದಲ್ಲಿ ಕತ್ತರಿಸಿ ಅಂಚಿಗೆ ಅಂಚು ಕೂಡಿಸಿದ್ರೆ ಬಟ್ಟಲು ತರ ಎದ್ದೇಳುತ್ತೆ. ಕತ್ತರಿ ಹಾಕ್ಬೇಡಿ, ಫೋಮ್ ಅಮುಕಿ ಅಂಚು ಸೊಟ್ಟ ಆಗುತ್ತೆ, ಹೊಸ ಬ್ಲೇಡೇ ಆಗ್ಬೇಕು. ಬಿಳಿ ಗೋಂದೂ ಬೇಡ, ಅದು ಫೋಮೊಳಗೆ ಇಳಿದು ಕಲ್ಲಾಗುತ್ತೆ. ಚಪ್ಪಲಿ ಹೊಲಿಯೋರ ಹತ್ರ ಇರೋ ಹಳದಿ ಅಂಟು ತಗೊಂಡು ಎರಡೂ ಅಂಚಿಗೆ ಸವರಿ, ಬೆರಳಿಗೆ ಹತ್ತದಂಗೆ ಆಗೋವರೆಗೂ ಬಿಟ್ಟು ಆಮೇಲೆ ಒತ್ಬೇಕು, ಒಂದ್ಸಲ ಒತ್ತಿದ್ರೆ ಮುಗೀತು, ಮತ್ತೆ ಬಿಡಲ್ಲ, ನನ್ನ ಮೊದಲ್ನೇ ತಲೆಗೆ ಕಿವಿ ಹತ್ರ ಇವತ್ತಿಗೂ ಗಂಟೈತೆ.

ಮೇಲಿನ ಬಟ್ಟೆಗೆ ಅಮ್ಮನ ಹಳೇ ನೇರಳೆ ಉಣ್ಣೆ ಶಾಲು ಎತ್ಕೊಂಡೆ. ಇದಕ್ಕೆ ದೊಡ್ಡೋರ ಸಾಕ್ಷಿನೂ ಐತೆ, ಅಮೆರಿಕದಲ್ಲಿ ಟಿವಿಗೆ ಗೊಂಬೆ ಆಡಿಸ್ತಿದ್ದ ಜಿಮ್ ಹೆನ್ಸನ್ 1955ರಲ್ಲಿ ಕರ್ಮಿಟ್ ಕಪ್ಪೆ ಅನ್ನೋ ಗೊಂಬೇನ ಮೊದಲ್ನೇ ಸಲ ಮಾಡಿದ್ದು ಅವರಮ್ಮನ ಹಳೇ ಕೋಟಲ್ಲಿ, ಕಣ್ಣಿಗೆ ಪಿಂಗ್‌ಪಾಂಗ್ ಚೆಂಡಿನ ಹೋಳು. ಇದನ್ನ ಅಮ್ಮಂಗೆ ಹೇಳಿದ್ರೆ "ಅವರಮ್ಮಂಗೆ ಬೇರೆ ಕೋಟಿತ್ತೇನೋ" ಅಂದ್ಲು. ಆದ್ರೆ ನೇಯ್ದ ಶಾಲು ಹಿಗ್ಗಲ್ಲ, ಬಾಯಿ ಮೂಲೇಲಿ ಸುಕ್ಕು ಬಿದ್ದು ಗೊಂಬೆಗೆ ಎಂಬತ್ತು ವರ್ಷ ಆದಂಗೆ ಕಾಣ್ತಿತ್ತು. ಬಿಚ್ಚಿ ಮತ್ತೆ ಕ್ರಾಸಲ್ಲಿ, ಅಂದ್ರೆ ನೇಯ್ಗೆಗೆ ಓರೆಯಾಗಿ ಕತ್ತರಿಸಿದೆ, ಆಗ ಮಣೀತು.

ಕಣ್ಣಿಗೆ ನಾನೂ ಪಿಂಗ್‌ಪಾಂಗ್ ಚೆಂಡೇ ತಂದೆ. ಬ್ಲೇಡ್ ಕಾಯಿಸಿ ಕೊಯ್ದ್ರೆ ಸಲೀಸು ಅನ್ಕೊಂಡು ಗ್ಯಾಸ್ ಒಲೆ ಪಕ್ಕ ಕೂತೆ, ದಯವಿಟ್ಟು ಯಾರೂ ಹಂಗೆ ಮಾಡ್ಬೇಡ್ರಿ, ಚೆಂಡು ಭುಸ್ ಅಂತ ಹತ್ಕೊಂಡು ಸಿಂಕಿಗೆ ಎಸೆದೆ, ಅಡುಗೆಮನೆ ತುಂಬ ಮಂಗಳಾರತಿ ವಾಸನೆ. ಹಳೇ ಮಾದರಿ ಚೆಂಡು ಸೆಲ್ಯುಲಾಯ್ಡಂತೆ, ಅದರಲ್ಲಿ ನಿಜವಾಗ್ಲೂ ಕರ್ಪೂರ ಇರುತ್ತಂತೆ. ಇನ್ನೊಂದು ಚೆಂಡನ್ನ ತಣ್ಣಗಿನ ಬ್ಲೇಡಲ್ಲಿ ಜೋಡಣೆ ಗೆರೆ ಹಿಡಿದು ನಿಧಾನಕ್ಕೆ ಕೊಯ್ದೆ.

ಕಣ್ಣುಗುಡ್ಡೆಗೆ ಪೇಂಟ್ ಮಾಡೋ ಧೈರ್ಯ ಬರ್ಲಿಲ್ಲ, ಕಪ್ಪು ಸ್ಟಿಕ್ಕರ್ ಬಿಂದಿ ಅಂಟಿಸ್ದೆ. ಅದೇ ನಾನು ಮಾಡಿದ ಒಳ್ಳೆ ಕೆಲ್ಸ. ನಡುಮಧ್ಯ ಇಟ್ರೆ ಗೊಂಬೆ ಸತ್ತಂಗೆ ಎಲ್ಲೋ ಗೋಡೆ ಆಚೆ ನೋಡುತ್ತೆ. ಬಿಂದಿ ಕಿತ್ತು ಕಾಳಷ್ಟು ಮೂಗಿನ ಕಡೆ ಸರಿಸಿದೆ, ಏನೂ ಇಲ್ಲ. ಇನ್ನೊಂದು ಕಾಳಷ್ಟು. ಥಟ್ ಅಂತ ನನ್ನೇ ನೋಡ್ತು! ಮೈ ಜುಮ್ ಅಂತು ನಂಗೆ. ಹೆನ್ಸನ್ ಜೊತೆ ಗೊಂಬೆ ಕಟ್ತಿದ್ದ ಡಾನ್ ಸಾಲಿನ್ ಕಣ್ಣು ಮೂಗಿನ ತ್ರಿಕೋನ ಅಂತ ಇದಕ್ಕೇ ಅಷ್ಟು ತಲೆ ಕೆಡಿಸ್ಕೊಳ್ತಿದ್ದಿದ್ದು ಅಂತ ಆಮೇಲೆ ತಿಳೀತು. ಶಾಲು ಫೋಮು ಅಂತ ಹದಿನೈದು ದಿನ ಕಳ್ದಿದ್ದೆ, ಗೊಂಬೆಗೆ ಜೀವ ಬಂದಿದ್ದು ಎರಡು ಕಾಳಿನ ಅಳತೇಲಿ.

ಆಡ್ಸೋದು ಇನ್ನೊಂದು ಪಾಡು. ಬೀರು ಕನ್ನಡಿ ಮುಂದೆ ಕೈ ಎತ್ಕೊಂಡು ನಿಂತ್ರೆ ಮೊದಲು ಎಲ್ಲರಂಗೆ ನಾಲ್ಕು ಬೆರಳನ್ನ ಮೇಲೆತ್ತಿಬಿಟ್ಟೆ, ಗೊಂಬೆ ಪ್ರತಿ ಮಾತಿಗೂ ಆಕಾಶ ನೋಡ್ತಿತ್ತು. ನಮ್ಮ ದವಡೆ ಕೆಳಗಲ್ವಾ ಬೀಳೋದು, ಹಂಗಾಗಿ ಹೆಬ್ಬೆರಳು ಮಾತ್ರ ಇಳಿಸ್ಬೇಕು. ಸ್ವರಕ್ಕೆ ಬಾಯಿ ತೆಗೆ, ಪ ಬ ಮ ಬಂದ್ರೆ ಮುಚ್ಚು. ಇದೂ ಯೂಟ್ಯೂಬಲ್ಲಿ ಹೇಳ್ತಾರೆ, ಹೇಳದೇ ಇರೋದು ಒಂದೈತೆ. ನಮ್ಮ ಕನ್ನಡದ ಮಾತು ಬಹುಪಾಲು ಸ್ವರದಲ್ಲೇ ಮುಗಿಯುತ್ತೆ, "ಬಂದೆ, ಊಟ ಆಯ್ತಾ, ಕೂತ್ಕೋ", ಬಾಯಿ ತೆಗೆದಿದ್ದು ತೆಗೆದಂಗೇ ಉಳಿದು ಗೊಂಬೆ ಪೆದ್ದು ತರ ಕಾಣುತ್ತೆ. ಮಾತು ಮುಗಿದ ಕೂಡ್ಲೇ ಬೇಕಂತಲೇ ಮುಚ್ಬೇಕು. ಇನ್ನು ಭುಜ, ಹತ್ತು ನಿಮಿಷಕ್ಕೆ ಬಿದ್ದೇ ಹೋಗುತ್ತೆ. ಅಮೆರಿಕದ ಮಕ್ಕಳ ಕಾರ್ಯಕ್ರಮ ಸೆಸಮಿ ಸ್ಟ್ರೀಟಿನ ಬಿಗ್ ಬರ್ಡ್ ಅನ್ನೋ ದೊಡ್ಡ ಹಕ್ಕಿ ಗೊಂಬೇನ ಒಳಗೆ ನಿಂತು ಆಡಿಸ್ತಿದ್ದ ಕ್ಯಾರಲ್ ಸ್ಪಿನ್ನಿ ಬಲಗೈ ತಲೆ ಮೇಲೆತ್ಕೊಂಡು, ಎದೆಗೆ ಪುಟ್ಟ ಟಿವಿ ಕಟ್ಕೊಂಡು ಅದರಲ್ಲೇ ಹೊರಗೆ ಏನಾಗ್ತೈತೆ ಅಂತ ನೋಡ್ತಾ ಕೆಲ್ಸ ಮಾಡ್ತಿದ್ರು, 1969ರಿಂದ ಶುರು ಮಾಡಿ ನಿವೃತ್ತಿ ಆಗಿದ್ದು 2018ರಲ್ಲಿ. ನಾನು ಇಪ್ಪತ್ತು ನಿಮಿಷಕ್ಕೆ ಮೂವ್ ಹಚ್ಕೊಂಡಿದ್ದೀನಿ.

ಪೆಂಡಾಲಲ್ಲಿ ಟೇಬಲ್ ಅಡ್ಡ ಮಲಗ್ಸಿ ಬೆಡ್‌ಶೀಟ್ ಕಟ್ಟಿದ್ವಿ. ಗೊಂಬೆ ಬೆಣ್ಣೆದೋಸೆ ಕೇಳೋದು, ಮಂಡಕ್ಕಿ ಮೆಣಸಿನಕಾಯಿ ಕೊಟ್ರೆ ಮುನಿಸ್ಕೊಳ್ಳೋದು, ಇಷ್ಟೇ ಕಥೆ. ಅರ್ಧದಲ್ಲಿ ಎಲ್ಲಾ ಮಕ್ಳು ಒಟ್ಟಿಗೆ "ಅಯ್ಯೋ ಕಣ್ಣು!" ಅಂದ್ವು. ಫೋಕಸ್ ಲೈಟಿನ ಕಾವಿಗೆ ಒಂದು ಬಿಂದಿ ಉದುರಿತ್ತು. ಏನು ಮಾಡ್ಲಿ, ಗೊಂಬೆ ಕೈಲಿ ಜೋರಾಗಿ "ಆಕ್ಷೀ" ಅನ್ನಿಸಿ ಕೆಳಗೆ ಎಳ್ಕೊಂಡೆ, ಎಡಗೈಲಿ ನನ್ನ ಹಣೆ ಮೇಲಿನ ಬಿಂದಿ ಕಿತ್ತು ಕತ್ತಲಲ್ಲಿ ಅಂದಾಜಿಗೆ ಒತ್ತಿ ಮತ್ತೆ ಮೇಲೆತ್ತಿದೆ. ಅದು ಮೆರೂನ್ ಕಲರ್, ಅದೂ ಒಂದು ಕಾಳು ಜಾಸ್ತೀನೇ ಒಳಗೆ ಕೂತಿತ್ತು. ಮಕ್ಳು ಬಿದ್ದು ಬಿದ್ದು ನಕ್ವು. ಈಗ್ಲೂ ಒಂದು ಕಣ್ಣು ಕಪ್ಪು ಒಂದು ಮೆರೂನೇ, ಸರಿ ಮಾಡ್ತೀನಿ ಅಂದ್ರೆ ಮಗಳು ಬಿಡಲ್ಲ.