ಚಕ್ಕೋತ, ಹುಳಿಕಿತ್ತಳೆ, ಮಾದಳ: ಅಡುಗೆಮನೆಯಲ್ಲಿ ವಿಟಮಿನ್ ಸಿ ಅಳೆದ ನನ್ನ ಅನುಭವ

ಹುಳಿ ಹೆಚ್ಚಿದ್ದಷ್ಟೂ ವಿಟಮಿನ್ ಸಿ ಹೆಚ್ಚು ಎಂದು ತುಂಬಾ ಜನ ನಂಬಿದ್ದಾರೆ. ನಾನೂ ನಂಬಿದ್ದೆ. ನಾನು ರಸಾಯನಶಾಸ್ತ್ರ ಪಾಠ ಮಾಡುವ ಮೇಷ್ಟ್ರು. ಒಂದು ದಿನ ತರಗತಿಯಲ್ಲಿ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ಚಕ್ಕೋತ ಅಷ್ಟೊಂದು ಹುಳಿ ಇರಲ್ವಲ್ಲ, ಹಾಗಾದ್ರೆ ಅದರಲ್ಲಿ ಸಿ ಕಮ್ಮಿನಾ?" ಹೌದು ಎನ್ನಲು ಬಾಯಿ ತೆರೆದವನು ತಡೆದುಕೊಂಡೆ. ಅಳೆದು ನೋಡಿ ಹೇಳ್ತೀನಿ ಎಂದೆ.

ಅಳೆಯುವುದು ಕಷ್ಟವಿಲ್ಲ. ಬೇಕಾದದ್ದು ಗಾಯಕ್ಕೆ ಹಚ್ಚುವ ಕಂದು ಬಣ್ಣದ ಪೊವಿಡೋನ್ ಅಯೋಡಿನ್ ದ್ರಾವಣ, ಕಾರ್ನ್‌ಫ್ಲೋರ್, 500 ಮಿ.ಗ್ರಾಂನ ಒಂದು ವಿಟಮಿನ್ ಸಿ ಮಾತ್ರೆ, ಸೂಜಿ ಇಲ್ಲದ ಎರಡು ಸಿರಿಂಜ್, ಒಂದು ಬಿಳಿ ಬಟ್ಟಲು. ವಿಟಮಿನ್ ಸಿ ಇರುವವರೆಗೂ ಅದು ಅಯೋಡಿನ್ ಜೊತೆ ಸೇರಿ ಅದರ ಬಣ್ಣ ಕಳೆಯುತ್ತದೆ. ವಿಟಮಿನ್ ಮುಗಿದ ಕ್ಷಣದಲ್ಲಿ ಉಳಿದ ಅಯೋಡಿನ್ ಪಿಷ್ಟವನ್ನು ಹಿಡಿಯುತ್ತದೆ, ಬಟ್ಟಲು ನೀಲಿಗಪ್ಪಾಗುತ್ತದೆ. ಆ ಬಣ್ಣ ನಿಲ್ಲಲು ಎಷ್ಟು ಅಯೋಡಿನ್ ಹಿಡಿಯಿತು ಎಂಬುದೇ ಲೆಕ್ಕ.

ನಾನು ಮಾಡಿದ್ದು ಹೀಗೆ. 10 ಶೇಕಡಾ ಪೊವಿಡೋನ್ ಅಯೋಡಿನ್‌ಗೆ ಒಂಬತ್ತು ಪಟ್ಟು ನೀರು ಬೆರೆಸಿದೆ. ಅರ್ಧ ಚಮಚ ಕಾರ್ನ್‌ಫ್ಲೋರನ್ನು ಒಂದು ಲೋಟ ನೀರಿನಲ್ಲಿ ಕುದಿಸಿ ತೆಳು ಗಂಜಿ ಮಾಡಿ, ಪೂರ್ತಿ ಆರಲು ಬಿಟ್ಟೆ. ಆರದೇ ಹಾಕಿದರೆ ನೀಲಿ ಸರಿಯಾಗಿ ಬರುವುದಿಲ್ಲ. ಮೊದಲ ದಿನ ಬಿಸಿಯಾಗಿಯೇ ಹಾಕಿ ಒಂದು ಗಂಟೆ ಹಾಳಾಯಿತು. ಆಮೇಲೆ ಮಾತ್ರೆಯನ್ನು ಪುಡಿ ಮಾಡಿ 500 ಮಿ.ಲೀ. ನೀರಿನಲ್ಲಿ ಕರಗಿಸಿದೆ. ಅಂದರೆ ಒಂದು ಮಿ.ಲೀ.ನಲ್ಲಿ ಒಂದು ಮಿ.ಗ್ರಾಂ. ಅದರ 5 ಮಿ.ಲೀ.ಗೆ ಹತ್ತು ಹನಿ ಗಂಜಿ ಹಾಕಿ, ಸಿರಿಂಜಿನಿಂದ ಅಯೋಡಿನ್ ಬಿಡುತ್ತಾ ಹೋದೆ. 7.2 ಮಿ.ಲೀ. ಆದಾಗ ನೀಲಿ ನಿಂತಿತು. ಇದು ನನ್ನ ಅಳತೆಗೋಲು: 7.2 ಮಿ.ಲೀ. ಅಯೋಡಿನ್ ಎಂದರೆ 5 ಮಿ.ಗ್ರಾಂ ವಿಟಮಿನ್. ನಿಮ್ಮ ಬಾಟಲಿಗೆ ಬೇರೆ ಅಂಕಿ ಬರಬಹುದು. ಅದಕ್ಕೇ ಮಾತ್ರೆಯಿಂದ ಶುರು ಮಾಡಬೇಕು.

ಈಗ ಹಣ್ಣಿನ ಸರದಿ. ಹೋಲಿಕೆಗೆ ನಿಂಬೆ, ಅಂದರೆ ದಪ್ಪ ಸಿಪ್ಪೆಯ ಲೆಮನ್. ಜೊತೆಗೆ ಚಕ್ಕೋತ, ಹುಳಿಕಿತ್ತಳೆ, ಕುಮ್‌ಕ್ವಾಟ್ ಎಂಬ ಕಿತ್ತಳೆ ಬಳಗದ ಪುಟ್ಟ ಹಣ್ಣು, ಮಾದಳ. ಹೇರಳೆ, ಕಂಚಿ ಎಂಬ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಒಬ್ಬೊಬ್ಬರು ಒಂದೊಂದು ಹಣ್ಣಿಗೆ ಆ ಹೆಸರು ಹೇಳುತ್ತಾರೆ. ಯಾವ ಹಣ್ಣು ಎಂದು ಗೊತ್ತಿಲ್ಲದೆ ಅಂಕಿ ಬರೆದರೆ ಉಪಯೋಗವಿಲ್ಲ.

5 ಮಿ.ಲೀ. ನಿಂಬೆರಸಕ್ಕೆ 3 ಮಿ.ಲೀ. ಅಯೋಡಿನ್ ಹಿಡಿಯಿತು. ಲೆಕ್ಕ ಹಾಕಿದರೆ 100 ಮಿ.ಲೀ. ರಸದಲ್ಲಿ ಸುಮಾರು 42 ಮಿ.ಗ್ರಾಂ. ಚಕ್ಕೋತಕ್ಕೆ 4.1 ಮಿ.ಲೀ., ಅಂದರೆ ಸುಮಾರು 57 ಮಿ.ಗ್ರಾಂ! ನಂಬಿಕೆ ಬರದೆ ಮೂರು ಸಲ ಮಾಡಿದೆ. ಪ್ರತಿ ಸಲವೂ ಚಕ್ಕೋತವೇ ಮುಂದೆ. ಆಮೇಲೆ ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿ ತೆಗೆದು ನೋಡಿದೆ. 100 ಗ್ರಾಂ ನಿಂಬೆರಸಕ್ಕೆ ಸುಮಾರು 39, ಚಕ್ಕೋತದ ತೊಳೆಗೆ 61 ಮಿ.ಗ್ರಾಂ ಎಂದಿತ್ತು. ಸಿರಿಂಜಿನ ಕೆಲಸಕ್ಕೆ ಇಷ್ಟು ಹತ್ತಿರ ಬಂದದ್ದು ಬಹಳ ಖುಷಿ ಕೊಟ್ಟಿತು. ನಾನು ಹಿಂಡಿದ ಹುಳಿಕಿತ್ತಳೆ ಇವೆರಡರ ನಡುವೆ ನಿಂತಿತು.

ಕಾರಣ ಸರಳ. ನಿಂಬೆಯ ಹುಳಿ ಬರುವುದು ಸಿಟ್ರಿಕ್ ಆಮ್ಲದಿಂದ. 100 ಮಿ.ಲೀ. ರಸದಲ್ಲಿ ಅದು ಸುಮಾರು 5 ಗ್ರಾಂ ಇರುತ್ತದೆ. ವಿಟಮಿನ್ ಸಿ ಅದರ ನೂರರಲ್ಲಿ ಒಂದು ಪಾಲೂ ಇಲ್ಲ. ನಾಲಿಗೆಗೆ ತಿಳಿಯುವುದು ಮೊದಲನೆಯದು ಮಾತ್ರ.

ಇದೇ ತಪ್ಪಿಗೆ ಹಿಂದೆ ಜನ ಆರೋಗ್ಯವನ್ನೇ ಕಳೆದುಕೊಂಡಿದ್ದಾರೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ, ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ರೋಗ ಹಿಡಿದ ನಾವಿಕರಿಗೆ ಬೇರೆ ಬೇರೆ ಪದಾರ್ಥ ಕೊಟ್ಟು ನೋಡಿದ. ಕಿತ್ತಳೆ ಮತ್ತು ನಿಂಬೆ ತಿಂದವರು ಬೇಗ ಚೇತರಿಸಿಕೊಂಡರು. ವಿನೆಗರ್ ಕುಡಿದವರು ಹಾಗೆ ಚೇತರಿಸಿಕೊಳ್ಳಲಿಲ್ಲ. ಆದರೂ ಹುಳಿಯೇ ಔಷಧಿ ಎಂಬ ನಂಬಿಕೆ ಹೋಗಲಿಲ್ಲ. 19ನೇ ಶತಮಾನದ ನಡುವೆ ಬ್ರಿಟಿಷ್ ನೌಕಾಪಡೆ ದಪ್ಪ ಸಿಪ್ಪೆಯ ಲೆಮನ್ ಬಿಟ್ಟು ತೆಳು ಸಿಪ್ಪೆಯ ಪುಟ್ಟ ಲೈಮ್‌ಗೆ ಬದಲಾಯಿತು. ಅದೂ ಹುಳಿಯೇ ತಾನೆ ಎಂಬ ಧೈರ್ಯ. 1875ರ ಉತ್ತರ ಧ್ರುವ ಯಾತ್ರೆಯಲ್ಲಿ ಲೈಮ್ ರಸ ಇದ್ದೂ ಸ್ಕರ್ವಿ ಬಂತು. ಲೈಮ್ ರಸಕ್ಕೆ ಲೆಮನ್ ರಸದಷ್ಟು ಶಕ್ತಿ ಇಲ್ಲ ಎಂದು ಪ್ರಯೋಗದಿಂದ ತೋರಿಸಿದ್ದು 1918ರಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಸಂಗಡಿಗರು. ನಾನು ಈ ಕಥೆ ಹೇಳಿದಾಗ ತರಗತಿ ಪೂರ್ತಿ ಸುಮ್ಮನಾಗಿತ್ತು.

ಕುದಿಸಿದರೆ ಎಷ್ಟು ಹೋಗುತ್ತದೆ ಎಂಬುದನ್ನೂ ನೋಡಿದೆ. ಚಕ್ಕೋತದ ರಸವನ್ನು ಹತ್ತು ನಿಮಿಷ ಕುದಿಸಿ ಅಳೆದರೆ ಅಂಕಿ ಮೇಲೆ ಹೋಗಿತ್ತು! ನೀರು ಆವಿಯಾಗಿ ರಸ ಗಟ್ಟಿಯಾದದ್ದು ನನ್ನ ಗಮನಕ್ಕೆ ಬಂದಿರಲಿಲ್ಲ. ಆವಿಯಾದಷ್ಟು ನೀರು ಮತ್ತೆ ಸೇರಿಸಿ ಅಳೆದ ಮೇಲೆ ಇಳಿಕೆ ಕಾಣಿಸಿತು. ನಾನು ಹೆದರಿದ್ದಷ್ಟಲ್ಲ. ಹುಳಿ ರಸದಲ್ಲಿ ವಿಟಮಿನ್ ಸಿ ಸ್ವಲ್ಪ ಗಟ್ಟಿಯಾಗಿ ನಿಲ್ಲುತ್ತದೆ. ಅದಕ್ಕೆ ನಿಜವಾದ ಶತ್ರು ಗಾಳಿ, ಜೊತೆಗೆ ತಾಮ್ರ. ಹಾಗಾಗಿ ರಸವನ್ನು ತಾಮ್ರದ ಪಾತ್ರೆಯಲ್ಲಿ ಇಡಬೇಡಿ.

ಮಾದಳದ ಹತ್ತಿರ ಬಂದಾಗ ಕೆಲಸ ನಿಂತಿತು. ಅಷ್ಟು ದೊಡ್ಡ ಹಣ್ಣು, ಹಿಂಡಿದರೆ ಸಿರಿಂಜಿಗೆ 5 ಮಿ.ಲೀ. ರಸ ಸಿಗಲಿಲ್ಲ. ಪೂರ್ತಿ ದಪ್ಪ ಬಿಳಿ ಪದರವೇ. ಆಗ ಅನ್ನಿಸಿದ್ದು, ನಾನು ಇಷ್ಟು ದಿನ ಹಣ್ಣಿನ ಚಿಕ್ಕ ಭಾಗವನ್ನಷ್ಟೇ ಅಳೆಯುತ್ತಿದ್ದೆ ಅಲ್ವಾ?

ಸಿಪ್ಪೆಯನ್ನು ರುಬ್ಬಿ, ಬಟ್ಟೆಯಲ್ಲಿ ಸೋಸಿ ಅಳೆಯಲು ಹೋದೆ. ನೀಲಿ ಬರುತ್ತದೆ, ಮಾಯವಾಗುತ್ತದೆ, ಮತ್ತೆ ಬರುತ್ತದೆ. ಸಿಪ್ಪೆಯ ಎಣ್ಣೆಯೂ ಅಯೋಡಿನ್ ನುಂಗುತ್ತದೆ. ಆದ್ದರಿಂದ ಆ ಅಂಕಿಗಳನ್ನು ಹರಿದು ಹಾಕಿದೆ. ಅದೇ ಆಹಾರ ಪಟ್ಟಿ ಪ್ರಕಾರ 100 ಗ್ರಾಂ ನಿಂಬೆ ಸಿಪ್ಪೆಯಲ್ಲಿ ಸುಮಾರು 129 ಮಿ.ಗ್ರಾಂ ವಿಟಮಿನ್ ಸಿ ಇದೆ, 10 ಗ್ರಾಂಗಿಂತ ಜಾಸ್ತಿ ನಾರಿದೆ. ದೊಡ್ಡ ಅಂಕಿ ಹೌದು, ಆದರೆ ಯಾರು 100 ಗ್ರಾಂ ಸಿಪ್ಪೆ ತಿನ್ನುತ್ತಾರೆ? ಒಂದು ದೊಡ್ಡ ಚಮಚ ತುರಿ ಸುಮಾರು 6 ಗ್ರಾಂ. ಸಿಗುವುದು 8 ಮಿ.ಗ್ರಾಂ. ಈ ಲೆಕ್ಕದಲ್ಲಿ ನನಗೆ ಇಷ್ಟವಾದದ್ದು ಕುಮ್‌ಕ್ವಾಟ್. ಅದರ ಸಿಪ್ಪೆ ಸಿಹಿ, ಒಳಗೆ ಹುಳಿ, ಇಡೀ ಹಣ್ಣನ್ನೇ ಬಾಯಿಗೆ ಹಾಕಿಕೊಳ್ಳಬಹುದು. 100 ಗ್ರಾಂಗೆ ವಿಟಮಿನ್ ಸಿ ಸುಮಾರು 44 ಮಿ.ಗ್ರಾಂ ಅಷ್ಟೇ. ಆದರೆ ನಾರು ಆರೂವರೆ ಗ್ರಾಂ, ಕಿತ್ತಳೆಯ ಎರಡು ಪಟ್ಟಿಗೂ ಹೆಚ್ಚು.

ಬಿಳಿ ಪದರದಲ್ಲಿ ಪೆಕ್ಟಿನ್ ಎಂಬ ನಾರು ಮತ್ತು ಫ್ಲೇವನಾಯ್ಡ್ ಎಂಬ ಸಸ್ಯ ಸಂಯುಕ್ತಗಳಿವೆ. ಈ ಹಣ್ಣುಗಳ ಆಂಟಿಆಕ್ಸಿಡೆಂಟ್ (ಆಕ್ಸಿಡೀಕರಣ ತಡೆಯುವ) ಗುಣದಲ್ಲಿ ಫ್ಲೇವನಾಯ್ಡ್‌ಗಳಿಗೂ ಪಾಲಿದೆ. ಚಕ್ಕೋತದ ಕಹಿ ನರಿಂಜಿನ್ ಎಂಬ ಫ್ಲೇವನಾಯ್ಡ್‌ನಿಂದ. ಕಹಿ ಇದ್ದ ಕಡೆ ಆಂಟಿಆಕ್ಸಿಡೆಂಟ್ ಎಂದು ಇನ್ನೊಂದು ಸೂತ್ರ ಮಾಡಿಕೊಳ್ಳುವ ಆಸೆ ನನಗೂ ಬಂದಿತ್ತು. ಅದೂ ಸರಿಯಲ್ಲ. ಕಿತ್ತಳೆ, ನಿಂಬೆಗಳ ಹೆಸ್ಪೆರಿಡಿನ್ ಕೂಡ ಅದೇ ಬಳಗದ್ದು, ಆದರೆ ಅದಕ್ಕೆ ಕಹಿಯಿಲ್ಲ. ಎರಡರಲ್ಲೂ ಇರುವುದು ಅದೇ ಎರಡು ಸಕ್ಕರೆಗಳು. ಅವು ಒಂದಕ್ಕೊಂದು ಅಂಟಿಕೊಳ್ಳುವ ಜಾಗ ಬದಲಾದರೆ ಒಂದು ಕಹಿ, ಇನ್ನೊಂದು ಸಪ್ಪೆ. ಕೆಂಪು ತೊಳೆಯ ಚಕ್ಕೋತದಲ್ಲಿ ಟೊಮೆಟೊದಲ್ಲಿರುವ ಲೈಕೋಪೀನ್ ಕೂಡ ಇರುತ್ತದೆ.

ಪರೀಕ್ಷಾ ನಳಿಕೆಯಲ್ಲಿ ಬರುವ ಆಂಟಿಆಕ್ಸಿಡೆಂಟ್ ಅಂಕಿಗೆ ಮರುಳಾಗಬೇಡಿ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. ಅಮೆರಿಕದ ಕೃಷಿ ಇಲಾಖೆ ಅಂಥ ಓರಾಕ್ ಅಂಕಿಗಳ ಪಟ್ಟಿಯನ್ನು 2012ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಆ ಅಂಕಿಗಳಿಗೂ ಮನುಷ್ಯನ ದೇಹದಲ್ಲಿ ಆಗುವುದಕ್ಕೂ ನೇರ ಸಂಬಂಧ ಕಾಣಲಿಲ್ಲ. ಹೆಸ್ಪೆರಿಡಿನ್ ಹಾಗೇ ರಕ್ತಕ್ಕೆ ಹೋಗುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದರ ಸಕ್ಕರೆ ಬಿಡಿಸಿದ ಮೇಲೆ ಸ್ವಲ್ಪ ಹೀರಿಕೊಳ್ಳುತ್ತದೆ. ವಿಟಮಿನ್ ಸಿ ವಿಷಯ ಹಾಗಲ್ಲ. ಸೊಪ್ಪು, ಕಾಳುಗಳ ಜೊತೆ ತಿಂದರೆ ಅವುಗಳ ಕಬ್ಬಿಣ ದೇಹಕ್ಕೆ ಹತ್ತಲು ಅದು ಸಹಾಯ ಮಾಡುತ್ತದೆ. ಹಾಗಾಗಿ ನಾನು ಹಣ್ಣನ್ನು ಊಟದ ಜೊತೆಗೇ ತಿನ್ನುತ್ತೇನೆ.

ಇನ್ನೊಂದು ಮಾತು ಹೇಳಲೇಬೇಕು. ಚಕ್ಕೋತದ ಅಂಕಿ ನೋಡಿ ಉತ್ಸಾಹದಲ್ಲಿ ಅಮ್ಮನಿಗೆ ದಿನಾ ಒಂದು ಬಟ್ಟಲು ತೊಳೆ ಬಿಡಿಸಿ ಕೊಡುತ್ತಿದ್ದೆ. ಅಮ್ಮ ಕೊಲೆಸ್ಟರಾಲ್‌ಗೆ ಅಟೋರ್ವಾಸ್ಟಾಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಮಾತ್ರೆ ತರಲು ಹೋದಾಗ ಔಷಧಿ ಅಂಗಡಿಯವರು ಮಾತಿನ ನಡುವೆ ಇದನ್ನು ಕೇಳಿ, ಮೊದಲು ನಿಲ್ಲಿಸಿ ಎಂದರು. ಚಕ್ಕೋತದ ಸಂಬಂಧಿಯಾದ ಗ್ರೇಪ್‌ಫ್ರೂಟ್ ಹಣ್ಣಿನಲ್ಲಿ ಇರುವ ಫ್ಯುರಾನೊಕೌಮರಿನ್ ಎಂಬ ಸಂಯುಕ್ತಗಳು ಚಕ್ಕೋತದಲ್ಲೂ, ಹುಳಿಕಿತ್ತಳೆಯಲ್ಲೂ ಇರುತ್ತವೆ. ಅವು ಕರುಳಿನಲ್ಲಿ ಔಷಧಿ ಒಡೆಯುವ ಒಂದು ಕಿಣ್ವವನ್ನು ಕೆಡಿಸುತ್ತವೆ. ಆಗ ಮಾತ್ರೆ ರಕ್ತದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಸೇರಬಹುದು. ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂದು ಬಿಡುವು ಕೊಟ್ಟರೂ ಸಾಲದು. ಹೊಸ ಕಿಣ್ವ ಹುಟ್ಟಲು ಒಂದು ದಿನಕ್ಕಿಂತ ಜಾಸ್ತಿ ಬೇಕು. ರಕ್ತದೊತ್ತಡದ ಫೆಲೋಡಿಪಿನ್, ಕಸಿ ಮಾಡಿಸಿಕೊಂಡವರ ಸೈಕ್ಲೋಸ್ಪೊರಿನ್‌ಗೂ ಈ ತೊಂದರೆ ಇದೆ. ಎಲ್ಲ ಮಾತ್ರೆಗಳಿಗೂ ಇಲ್ಲ. ಆದರೆ ದಿನಾ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಈ ಹಣ್ಣು ತಿನ್ನಿ. ಅಮ್ಮನಿಗೆ ಏನೂ ಆಗಲಿಲ್ಲ. ಆ ಎರಡು ವಾರ ನೆನೆಸಿಕೊಂಡರೆ ಈಗಲೂ ಎದೆ ಝಲ್ ಎನ್ನುತ್ತದೆ.

ನೀವು ಅಳೆಯುವುದಾದರೆ ಹಣ್ಣು ಕತ್ತರಿಸಿದ ತಕ್ಷಣ ಅಳೆಯಿರಿ. ಪ್ರತಿ ಹಣ್ಣಿಗೂ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಅಯೋಡಿನ್ ಬಿದ್ದ ಬಟ್ಟಲನ್ನು ಮತ್ತೆ ಊಟಕ್ಕೆ ಬಳಸಬೇಡಿ, ಅದರಲ್ಲಿನ ರಸವನ್ನು ಚೆಲ್ಲಿಬಿಡಿ. ಸಿಪ್ಪೆ ತಿನ್ನುವುದಾದರೆ ಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ, ಅಂಗಡಿ ಹಣ್ಣಿಗೆ ಮೇಣ ಹಚ್ಚಿರಬಹುದು. ಲೈಮ್ ಅಥವಾ ಹುಳಿಕಿತ್ತಳೆ ಹಿಂಡಿದ ಕೈಯನ್ನು ಬಿಸಿಲಿಗೆ ಒಡ್ಡುವ ಮೊದಲು ಸೋಪಿನಿಂದ ತೊಳೆದುಕೊಳ್ಳಿ, ಇಲ್ಲದಿದ್ದರೆ ಚರ್ಮ ಸುಟ್ಟಂತೆ ಗುಳ್ಳೆ ಏಳಬಹುದು. ಪ್ರಶ್ನೆ ಕೇಳಿದ ಹುಡುಗಿ ಈಗ ಒಂದೇ ಚಕ್ಕೋತದ ರಸವನ್ನು ಫ್ರಿಜ್‌ನಲ್ಲಿಟ್ಟು ದಿನಾ 5 ಮಿ.ಲೀ. ಅಳೆದು ಬರೆದುಕೊಳ್ಳುತ್ತಿದ್ದಾಳೆ. ಇವತ್ತಿಗೆ ನಾಲ್ಕನೇ ದಿನ.