ನಟಾಶಾ ಟ್ರೆಥವೇ ಓದ್ಬೇಕು ಅಂದ್ರೆ ಎಲ್ಲಿಂದ ಶುರು ಮಾಡೋದು

ಮೊದಲೇ ಹೇಳ್ಬಿಡ್ತೀನಿ, ಜೀವನಚರಿತ್ರೆಯಿಂದ ಶುರು ಮಾಡ್ಬೇಡಿ. ನಾನು ಹಂಗೇ ಮಾಡಿ ಕೆಟ್ಟೆ. ಅಮೆರಿಕಾದ ಕವಿ, ಪ್ರೊಫೆಸರ್, 2007ರಲ್ಲಿ ಪುಲಿಟ್ಜರ್ ಬಹುಮಾನ, 2012ರಿಂದ 2014ರವರೆಗೆ ಅಮೆರಿಕಾದ ಪೊಯೆಟ್ ಲಾರಿಯೆಟ್ (ನಮ್ಮ ರಾಷ್ಟ್ರಕವಿ ಥರ) ಅಂತೆಲ್ಲ ಓದ್ಕೊಂಡು ಸ್ವಲ್ಪ ಕೆಳಗೆ ಬರೋಷ್ಟರಲ್ಲಿ ಅಮ್ಮನ ಕೊಲೆ ವಿಷಯ ಬಂತು, ಅಲ್ಲಿಂದ ಮುಂದೆ ಯಾವ ಪದ್ಯ ತೆಗೆದ್ರೂ ಅದೊಂದು ಕೇಸ್ ಫೈಲ್ ಥರಾನೇ ಕಾಣೋಕೆ ಶುರುವಾಯ್ತು, ಅಯ್ಯೋ ಪಾಪ ಅನ್ಕೊಂಡು ಮುಚ್ಚಿಟ್ಟೆ, ಎರಡು ವರ್ಷ ಮುಟ್ಟಲಿಲ್ಲ. ಈಗ ನಿಮಗೂ ನಾನೇ ಹೇಳ್ಬಿಟ್ನಲ್ಲ, ಇರಲಿ. ಅದನ್ನ ಸದ್ಯಕ್ಕೆ ಪಕ್ಕಕ್ಕಿಡಿ.

ಶುರು ಮಾಡ್ಬೇಕಿರೋದು ಒಂದೇ ಒಂದು ಪದ್ಯದಿಂದ. ಹೆಸರು 'ಮಿಸೆಜೆನೇಷನ್', ಅಂದ್ರೆ ಬೇರೆ ಬೇರೆ ವರ್ಣದವರು ಬೆರೆಯೋದು, ಆ ಕಾಲದ ಕಾನೂನಿನ ಭಾಷೇಲಿ ಅದು ಅಪರಾಧದ ಹೆಸರು. ಪೊಯೆಟ್ರಿ ಫೌಂಡೇಶನ್ ಸೈಟ್‌ನಲ್ಲಿ ಹುಡುಕಿದ್ರೆ ಸಿಗುತ್ತೆ, ಬರೀ ಹದಿನಾಲ್ಕು ಸಾಲು. ಕನ್ನಡ ಗಜಲ್ ಓದಿ ಅಭ್ಯಾಸ ಇರೋರಿಗೆ ಇಲ್ಲೊಂದು ಅಡ್ವಾಂಟೇಜ್ ಇದೆ, ಯಾಕಂದ್ರೆ ಇದು ಗಜಲ್ಲೇ! ಕನ್ನಡಕ್ಕೆ ಗಜಲ್ ತಂದ ಕವಿ ಶಾಂತರಸರ ಕಾಲದಿಂದ ನಾವು ನೋಡ್ಕೊಂಡು ಬಂದಿರೋ ಅದೇ ಅಚ್ಚು. ಏಳು ಶೇರ್ (ಎರಡು ಸಾಲಿನ ಜೋಡಿ), ಮತ್ಲಾದಲ್ಲಿ ಅಂದ್ರೆ ಮೊದಲ ಶೇರ್‌ನಲ್ಲಿ ಎರಡೂ ಸಾಲಿನ ಕೊನೆಗೆ ರದೀಫ್, ಅಂದ್ರೆ ಮತ್ತೆ ಮತ್ತೆ ಬರೋ ಅದೇ ಪದ, ಆಮೇಲೆ ಪ್ರತಿ ಶೇರ್‌ನ ಎರಡನೇ ಸಾಲಲ್ಲಿ ರದೀಫ್. ಆ ರದೀಫ್ ಏನು ಗೊತ್ತಾ, ಮಿಸಿಸಿಪ್ಪಿ. ಹುಟ್ಟಿದ ರಾಜ್ಯದ ಹೆಸರು. ಎಲ್ಲಿ ಹೋದ್ರೂ ಸಾಲು ತಿರುಗಿ ಅಲ್ಲಿಗೇ ಬಂದು ಬೀಳುತ್ತೆ, ಒಹಾಯೊಗೆ ಹೋದ್ರೂ, ಕೆನಡಾಗೆ ಹೋದ್ರೂ. ರದೀಫ್‌ಗೆ ಮುಂಚೆ ಬರೋ ಪ್ರಾಸ, ಅಂದ್ರೆ ಕಾಫಿಯಾ, ಹುಡುಕ್ಬೇಡಿ, ಸಿಗಲ್ಲ, ಬದಲಿಗೆ ಮೊದಲ ಸಾಲುಗಳು ನೇಮ್, ಸೇಮ್ ಅಂತ ಪ್ರಾಸ ಹೊಡೀತವೆ. ಕೊನೇ ಶೇರ್‌ನಲ್ಲಿ, ಅಂದ್ರೆ ಮಕ್ತಾದಲ್ಲಿ, ಕವಿ ಹೆಸರು ಬರ್ಬೇಕು, ಹಾಗೇ ತನ್ನ ಹೆಸರು ತರ್ತಾರೆ, ನಟಾಶಾ. ಅದು ರಷ್ಯನ್ ಹೆಸರು, ಕ್ರಿಸ್‌ಮಸ್ ಮಗು ಅಂತ ಅರ್ಥ, ಆದ್ರೆ ಈಯಮ್ಮ ಹುಟ್ಟಿದ್ದು ಈಸ್ಟರ್ ಹತ್ತಿರ, ಅಪ್ಪ ಆಗ 'ವಾರ್ ಅಂಡ್ ಪೀಸ್' ಓದ್ತಿದ್ರಂತೆ.

ಇದನ್ನ ಎರಡು ಸಲ ಜೋರಾಗಿ ಓದಿದ್ಮೇಲೆ ಮಾತ್ರ ಹಿನ್ನೆಲೆ ತಿಳ್ಕೊಳಿ, ಅದೂ ಇಷ್ಟೇ ಸಾಕು. ಅಮ್ಮ ಗ್ವೆಂಡೊಲಿನ್ ಕಪ್ಪು ಹೆಣ್ಣುಮಗಳು, ಅಪ್ಪ ಎರಿಕ್ ಟ್ರೆಥವೇ ಕೆನಡಾದ ಬಿಳಿಯ, ಅವರೂ ಕವಿ. 1965ರಲ್ಲಿ ಮಿಸಿಸಿಪ್ಪಿಯಲ್ಲಿ ಇವರಿಬ್ಬರ ಮದುವೆ ಕಾನೂನುಬಾಹಿರ, ಅದಕ್ಕೇ ಒಹಾಯೊಗೆ ಹೋಗಿ ಮದುವೆ ಆಗಿ ವಾಪಸ್ ಬಂದ್ರು. ಇಂಥ ಕಾನೂನುಗಳನ್ನ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 1967ರಲ್ಲಿ, ಲವಿಂಗ್ ಅನ್ನೋ ದಂಪತಿಯ ಕೇಸ್‌ನಲ್ಲಿ. ಮಗಳು ಅದಕ್ಕೆ ಒಂದು ವರ್ಷ ಮುಂಚೆ, 1966ರ ಏಪ್ರಿಲ್ 26ಕ್ಕೆ ಗಲ್ಫ್‌ಪೋರ್ಟ್ ಊರಲ್ಲಿ ಹುಟ್ಟಿದ್ದು. ಆ ದಿನ ಅಲ್ಲಿ ಕಾನ್ಫೆಡರೇಟ್ ಸೈನಿಕರ ಸ್ಮಾರಕ ದಿನ, ಗುಲಾಮಗಿರಿ ಉಳಿಸೋಕೆ ಹೋರಾಡಿ ಸೋತವರ ನೆನಪಿಗೆ, ಅದೂ ನೂರನೇ ವರ್ಷದ್ದು. ಕಥೆಯಲ್ಲಿ ಯಾರಾದ್ರೂ ಹಿಂಗೆ ಬರೆದಿದ್ರೆ ಅತಿಯಾಯ್ತು ಅಂತಿದ್ವಿ.

ಎರಡನೇ ಪದ್ಯ 'ಮಿಥ್'. ಇದನ್ನ ಓದೋಕೆ ಒಂದು ಖಾಲಿ ಹಾಳೆ ಬೇಕು, ತಮಾಷೆ ಅಲ್ಲ. ಹದಿನೆಂಟು ಸಾಲಿದೆ, ಮೊದಲ ಒಂಬತ್ತು ಓದಿ, ಕೆಳಗಿನ ಅರ್ಧ ಹಾಳೆಯಿಂದ ಮುಚ್ಚಿ. ಆಮೇಲೆ ಒಂಬತ್ತನೇ ಸಾಲಿಂದ ಹಿಂದಕ್ಕೆ ಒಂದೊಂದೇ ಸಾಲು ಓದ್ತಾ ಮೇಲಕ್ಕೆ ಹೋಗಿ, ಈಗ ಹಾಳೆ ತೆಗೀರಿ, ಕೆಳಗೆ ಇರೋದು ಅದೇ, ಸಾಲುಗಳು ಉಲ್ಟಾ. ಇದರಲ್ಲೇನು ದೊಡ್ಡ ವಿಷಯ ಅನ್ಸಿದ್ರೆ ಈ ಮೂರು ಸಾಲು ನೋಡಿ, ನಾನೇ ಕಟ್ಟಿದ್ದು, ಕವಿತೆ ಅಂತ ಏನಿಲ್ಲ, ಉದಾಹರಣೆಗೆ:

ಬಾಗಿಲು ತೆರೀತು
ನಾನು ಕರೆದೆ
ಯಾರೂ ಬರಲಿಲ್ಲ

ಈಗ ಕೆಳಗಿಂದ ಮೇಲಕ್ಕೆ ಓದಿ. ಯಾರೂ ಬರಲಿಲ್ಲ, ನಾನು ಕರೆದೆ, ಬಾಗಿಲು ತೆರೀತು. ಒಂದಕ್ಷರ ಬದಲಾಗಿಲ್ಲ, ಆದ್ರೆ ಮೊದಲನೇದ್ರಲ್ಲಿ ಮನೆ ಖಾಲಿ, ಎರಡನೇದ್ರಲ್ಲಿ ಯಾರೋ ಇದ್ದಾರೆ. ಟ್ರೆಥವೇ ಈ ಆಟವನ್ನ ಸತ್ತ ಅಮ್ಮನ ಕನಸಿಗೆ ಹಾಕ್ತಾರೆ. ಕನಸಲ್ಲಿ ಅಮ್ಮ ಬದುಕಿರ್ತಾರೆ, ಎಚ್ಚರ ಆದ್ರೆ ಇಲ್ಲ, ಮತ್ತೆ ನಿದ್ದೆಗೆ ಜಾರಿದ್ರೆ ಮತ್ತೆ ಇರ್ತಾರೆ, ಹೋಗಿ ಬಂದು ಹೋಗಿ ಬಂದು ಮೊದಲ ಸಾಲಿಗೇ ಬಂದು ನಿಲ್ಲುತ್ತೆ. ದುಃಖ ಆಗ್ತಿದೆ ಅಂತ ಒಂದು ಕಡೆನೂ ಹೇಳೋದಿಲ್ಲ, ಪದ್ಯದ ಅಚ್ಚೇ ಆ ಕೆಲಸ ಮಾಡುತ್ತೆ. ಇವರನ್ನ ಓದೋಕೆ ಬೇಕಾಗಿರೋ ಕೀಲಿಕೈ ಇದೇ ಅಂತ ನನ್ನ ಅಭಿಪ್ರಾಯ: ಇಲ್ಲಿ ಯಾಕೆ ಈ ಅಚ್ಚು ಅಂತ ಪ್ರತಿ ಸಲ ಕೇಳ್ಕೊಳಿ. 'ಇನ್ಸಿಡೆಂಟ್' ಅನ್ನೋ ಪದ್ಯ ಕು ಕ್ಲಕ್ಸ್ ಕ್ಲಾನ್ ಅನ್ನೋ ಬಿಳಿಯರ ಜನಾಂಗದ್ವೇಷಿ ಗುಂಪಿನವರು ಇವರ ಮನೆ ಅಂಗಳದಲ್ಲಿ ಶಿಲುಬೆ ಸುಟ್ಟ ರಾತ್ರಿ ಬಗ್ಗೆ, ಅದು ಪಾಂಟೂಮ್, ಮಲಯ ಕಡೆಯಿಂದ ಬಂದ ಛಂದಸ್ಸು, ಒಂದು ಚರಣದ ಎರಡು ಮತ್ತು ನಾಲ್ಕನೇ ಸಾಲು ಮುಂದಿನ ಚರಣದಲ್ಲಿ ಒಂದು ಮತ್ತು ಮೂರನೇ ಸಾಲಾಗಿ ಬರುತ್ತೆ. ಮನೇಲಿ ಪ್ರತಿ ವರ್ಷ ಹೇಳಿದ್ದನ್ನೇ ಹೇಳೋ ಕಥೆಗೆ ಬೇರೆ ಯಾವ ಅಚ್ಚು ಹೊಂದುತ್ತೆ ಹೇಳಿ.

ಈ ಮೂರೂ ಇರೋ ಪುಸ್ತಕ 'ನೇಟಿವ್ ಗಾರ್ಡ್', 2006ರದ್ದು, ಪುಲಿಟ್ಜರ್ ಬಂದಿದ್ದು ಇದಕ್ಕೇ. ಇದನ್ನ ಮೊದಲ ಪುಟದಿಂದ ಕ್ರಮವಾಗಿ ಓದಿ, ಅಲ್ಲಿ ಇಲ್ಲಿ ತೆರೆದು ಓದ್ಬೇಡಿ, ಪಕ್ಕದಲ್ಲಿ ಫೋನಲ್ಲಿ ಮ್ಯಾಪ್ ಇಟ್ಕೊಳಿ. ಶುರುವಿನ ಪದ್ಯ ಹೈವೇ 49 ಹಿಡ್ಕೊಂಡು ದಕ್ಷಿಣಕ್ಕೆ ಗಲ್ಫ್‌ಪೋರ್ಟ್ ತನಕ ಕರ್ಕೊಂಡು ಹೋಗಿ ಶಿಪ್ ಐಲ್ಯಾಂಡ್ ಅನ್ನೋ ದ್ವೀಪದ ದೋಣಿ ಹತ್ತಿಸುತ್ತೆ. ಆ ದ್ವೀಪ ನೆನಪಿಟ್ಕೊಳಿ. ಗುಲಾಮಗಿರಿ ವಿಷಯಕ್ಕೆ ಅಮೆರಿಕಾದ ಉತ್ತರ ದಕ್ಷಿಣದೋರು ಹೊಡೆದಾಡಿದ ಸಿವಿಲ್ ವಾರ್ ಟೈಮಲ್ಲಿ ಲೂಯಿಸಿಯಾನಾ ನೇಟಿವ್ ಗಾರ್ಡ್ಸ್ ಅಂತ ಕಪ್ಪು ಸೈನಿಕರ ಪಡೆ ಅಲ್ಲಿ ಕಾನ್ಫೆಡರೇಟ್ ಕೈದಿಗಳನ್ನ ಕಾಯ್ತಿತ್ತು, ಅಂದ್ರೆ ನಿನ್ನೆ ಮೊನ್ನೆ ತನಕ ಗುಲಾಮರಾಗಿದ್ದೋರು ಯಜಮಾನರ ಕಡೆಯೋರಿಗೆ ಕಾವಲು. ಹತ್ತು ಸಾನೆಟ್‌ಗಳ (ಹದಿನಾಲ್ಕು ಸಾಲಿನ ಪದ್ಯಗಳ) ಶೀರ್ಷಿಕೆ ಪದ್ಯದಲ್ಲಿ ಅಂಥ ಒಬ್ಬ ಸೈನಿಕ ಡೈರಿ ಬರೀತಾನೆ. ಹೊಸ ನೋಟ್‌ಬುಕ್ ಇಲ್ಲ, ಕಾನ್ಫೆಡರೇಟ್ ಮನೆಯೊಂದರಲ್ಲಿ ಸಿಕ್ಕ ಡೈರಿಯಲ್ಲಿ ಆಗಲೇ ಬರೆದಿದ್ದ ಸಾಲುಗಳ ಮೇಲೇ ಅಡ್ಡಡ್ಡ ಬರೀತಾನೆ! ಒಂದು ಸಾನೆಟ್‌ನ ಕೊನೇ ಸಾಲು ಸ್ವಲ್ಪ ಬದಲಾಗಿ ಮುಂದಿನದಕ್ಕೆ ಮೊದಲ ಸಾಲು. ಕವಿ ಆ ದ್ವೀಪದ ಕೋಟೆಗೆ ಹೋದಾಗ ಏನಿತ್ತು ಅಂತ ಇನ್ನೊಂದು ಪದ್ಯ ಹೇಳುತ್ತೆ: ಸತ್ತ ಕಾನ್ಫೆಡರೇಟ್‌ಗಳ ಹೆಸರು ಕೆತ್ತಿದ ಫಲಕ ಇತ್ತು, ಕಾವಲಿದ್ದ ಕಪ್ಪು ಸೈನಿಕರದ್ದು ಇರಲಿಲ್ಲ. ಅದೇ ಪುಸ್ತಕದ ಮೊದಲ ಭಾಗ ಪೂರ್ತಿ ಅಮ್ಮನ ಬಗ್ಗೆ, ಅಮ್ಮನ ಸಮಾಧಿ ಮೇಲೂ ಎಷ್ಟೋ ವರ್ಷ ಕಲ್ಲು ಇರಲಿಲ್ಲ. ಇದು ಹೊಳೆದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಕೆರಿಯರ್ ವಿಷಯ ಬೇಗ ಮುಗಿಸ್ತೀನಿ. ಜಾರ್ಜಿಯಾ ಯೂನಿವರ್ಸಿಟಿಯಲ್ಲಿ ಡಿಗ್ರಿ, ಅಪ್ಪ ಪಾಠ ಮಾಡ್ತಿದ್ದ ಹಾಲಿನ್ಸ್ ಕಾಲೇಜಲ್ಲಿ ಎಂಎ, ಮ್ಯಾಸಚೂಸೆಟ್ಸ್ ಯೂನಿವರ್ಸಿಟಿಯ ಆಮ್‌ಹರ್ಸ್ಟ್ ಕ್ಯಾಂಪಸ್‌ನಲ್ಲಿ ಕಾವ್ಯ ಬರೆಯೋದರಲ್ಲಿ ಎಂಎಫ್ಎ. ಮೊದಲ ಪುಸ್ತಕ 'ಡೊಮೆಸ್ಟಿಕ್ ವರ್ಕ್' 2000ದಲ್ಲಿ, ಕಪ್ಪು ಕವಿಗಳ ಮೊದಲ ಪುಸ್ತಕಕ್ಕೆ ಕೊಡೋ ಕೇವ್ ಕಾನೆಮ್ ಬಹುಮಾನಕ್ಕೆ ಅದನ್ನ ಆರಿಸಿದ್ದು ಕವಿ ರೀಟಾ ಡವ್. ಎಮೊರಿ ಯೂನಿವರ್ಸಿಟಿಯಲ್ಲಿ ಬಹಳ ವರ್ಷ ಪಾಠ ಮಾಡಿ 2017ರಲ್ಲಿ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಗೆ ಹೋದ್ರು.

ಮೂರನೇದಾಗಿ 'ಥ್ರಾಲ್', 2012. ಇದು ಅಪ್ಪನ ಬಗ್ಗೆ ಇರೋ ಪುಸ್ತಕ, ಅಪ್ಪ ಇನ್ನೂ ಬದುಕಿದ್ದಾಗ್ಲೇ ಬರೆದಿದ್ದು. ಇದರಲ್ಲಿ 'ಎನ್‌ಲೈಟನ್‌ಮೆಂಟ್' ಒಂದನ್ನಂತೂ ಬಿಡ್ಬೇಡಿ. ಅಪ್ಪ ಮಗಳು ಇಬ್ಬರೂ ಗುಲಾಮರನ್ನ ಇಟ್ಕೊಂಡಿದ್ದ ಅಮೆರಿಕಾ ಅಧ್ಯಕ್ಷ ಜೆಫರ್ಸನ್ ಮನೆ ಮಾಂಟಿಚೆಲೊ ನೋಡೋಕೆ ಹೋಗ್ತಾರೆ, ಗೈಡ್ ಹಳೇ ಕಾಲಕ್ಕೆ ಹೋಗಿದೀವಿ ಅನ್ಕೊಳಿ ಅಂದಾಗ ಮಗಳು ಅಪ್ಪನ ಕಿವೀಲಿ, ಹಂಗಾದ್ರೆ ಇಲ್ಲಿಂದ ನಮ್ಮ ದಾರಿ ಬೇರೆ, ನಾನು ಹಿಂಬಾಗಿಲ ಕಡೆ ಹೋಗ್ತೀನಿ ಅಂತಾರೆ. ಜೋಕೇ, ಆದ್ರೆ ಇಬ್ಬರಿಗೂ ಗೊತ್ತು ಅದು ಬರೀ ಜೋಕಲ್ಲ ಅಂತ. ಪ್ರೀತಿ ಇರೋ ಕಡೆನೂ ಬಣ್ಣ ಹೆಂಗೆ ಮಧ್ಯೆ ಬಂದು ಕೂರುತ್ತೆ ಅನ್ನೋದನ್ನ ಇಷ್ಟು ಮೆತ್ತಗೆ ಹೇಳಿದ್ದು ನಾನು ಓದಿಲ್ಲ. ಪೇಂಟಿಂಗ್‌ಗಳ ಮೇಲೆ ಬರೆದ ಪದ್ಯಗಳು ಇದರಲ್ಲಿ ಬಹಳ, ಚಿತ್ರ ಪಕ್ಕದಲ್ಲಿ ತೆಗೆದಿಟ್ಕೊಂಡು ಓದಿ, ಇಲ್ಲಾಂದ್ರೆ ಬೋರ್ ಹೊಡೆಯುತ್ತೆ, ನಿಜ ಹೇಳ್ತಿದೀನಿ.

'ಮೆಮೋರಿಯಲ್ ಡ್ರೈವ್' ಕೊನೆಗೆ. 2020ರಲ್ಲಿ ಬಂದ ಗದ್ಯ, ನೆನಪುಗಳು. 1985ರ ಜೂನ್‌ನಲ್ಲಿ, ಮಗಳಿಗೆ ಹತ್ತೊಂಬತ್ತು ಇದ್ದಾಗ, ಡೈವೋರ್ಸ್ ಆಗಿದ್ದ ಎರಡನೇ ಗಂಡ ಅಮ್ಮನಿಗೆ ಗುಂಡು ಹೊಡೆದ. ಮೆಮೋರಿಯಲ್ ಡ್ರೈವ್ ಅನ್ನೋದು ಒಂದು ರಸ್ತೆ, ಅಟ್ಲಾಂಟಾದಿಂದ ಸ್ಟೋನ್ ಮೌಂಟನ್ ಕಡೆ ಹೋಗುತ್ತೆ, ಬೆಟ್ಟದ ಮೇಲೆ ಕಾನ್ಫೆಡರೇಟ್ ನಾಯಕರನ್ನ ಕೆತ್ತಿದಾರೆ, ಅಮ್ಮನ ಅಪಾರ್ಟ್‌ಮೆಂಟ್ ಇದ್ದಿದ್ದು ಆ ರಸ್ತೇಲೇ. ಪುಸ್ತಕದ ಮಧ್ಯೆ ಆ ಗಂಡನ ಜೊತೆ ಅಮ್ಮ ಆಡಿದ ಫೋನ್ ಮಾತುಗಳ ದಾಖಲೆ ಹಾಗೇ ಹಾಕಿದಾರೆ, ಅಮ್ಮ ಕೈಯಾರೆ ಬರೆದಿಟ್ಟ ಹೇಳಿಕೆನೂ ಇದೆ. ರಾತ್ರಿ ಹೊತ್ತು ಆ ಭಾಗ ಓದ್ಬೇಡಿ. ಒಂದೇ ಏಟಿಗೆ ಮುಗಿಸೋಕೂ ಹೋಗ್ಬೇಡಿ. ಪದ್ಯ ಮೊದಲೇ ಓದಿದ್ರೆ ಇಲ್ಲಿ ಒಂದು ವಿಷಯ ಗೊತ್ತಾಗುತ್ತೆ, ಅಮ್ಮ ಇಲ್ಲಿ ಬರೀ ಸತ್ತವಳಲ್ಲ, ಬರೆಯೋಳು ಕೂಡ.

ಎಲ್ಲಾ ಕೊಳ್ಳೋಕೆ ದುಡ್ಡಿಲ್ಲ ಅಂದ್ರೆ 'ಮೊನ್ಯುಮೆಂಟ್' ಅಂತ 2018ರ ಆಯ್ದ ಪದ್ಯಗಳ ಸಂಗ್ರಹ ಇದೆ, ಎಲ್ಲದರದ್ದೂ ಸ್ವಲ್ಪ ಸ್ವಲ್ಪ ಸಿಗುತ್ತೆ, ಆದ್ರೂ ಒಂದೇ ತಗೊಳ್ಳೋದಾದ್ರೆ ನಾನು 'ನೇಟಿವ್ ಗಾರ್ಡ್'ಗೇ ವೋಟ್ ಹಾಕ್ತೀನಿ, ಸಣ್ಣ ಪುಸ್ತಕ, ಒಂದು ಭಾನುವಾರ ಸಾಕು.