ಮೂಗಿಗೂ ಚೀಟಿ ಎತ್ತಿದ್ದೆವು

ಮೂಗಿನ ನಡುಗೋಡೆ ಸೊಟ್ಟಗಿದ್ದರೆ ನೆಟ್ಟಗೆ ಮಾಡುವ ಆಪರೇಷನ್ನಿಗೆ ಸೆಪ್ಟೋಪ್ಲಾಸ್ಟಿ ಅಂತ ಹೆಸರು. ನಮ್ಮ ಓಪಿಡಿಗೆ ಬರುವವರು ಮಾತ್ರ "ಮೂಗಿನಾಗ ಎಲುಬು ಬೆಳದೈತ್ರಿ" ಅಂತಲೇ ಮಾತು ಶುರು ಮಾಡೋದು. ಆಪರೇಷನ್ ಮುಗಿದ ಮೇಲೆ ಎರಡೂ ಹೊಳ್ಳೆಗೆ ಸ್ಪಂಜಿನ ಪ್ಯಾಕ್ ತುರುಕೋದು ಹಳೇ ರೂಢಿ. ಒಣಗಿದ್ದಾಗ ರಟ್ಟಿನ ಹಾಗಿರುತ್ತೆ, ಒದ್ದೆಯಾದ ಕೂಡಲೇ ಉಬ್ಬಿ ಮೂಗಿನ ತುಂಬಾ ಕೂರುತ್ತೆ. ರಾತ್ರಿಯಿಡೀ ಬಾಯಲ್ಲೇ ಉಸಿರು. ಎಂಜಲು ನುಂಗಿದರೆ ಕಿವಿ ಕಟ್ಟುತ್ತೆ. ಒಂದೆರಡು ದಿನ ಬಿಟ್ಟು ಅದನ್ನು ಎಳೆಯುವಾಗ ಗಟ್ಟಿ ಆಳುಗಳ ಕಣ್ಣಲ್ಲೂ ನೀರು ಬರೋದನ್ನ ನೋಡಿದ್ದೇನೆ.

ಪಿಜಿ ಥೀಸಿಸ್‌ಗೆ ನಾನು ಹಿಡಿದದ್ದು ಇದನ್ನೇ. ಒಂದು ಗುಂಪಿಗೆ ಪ್ಯಾಕ್, ಇನ್ನೊಂದಕ್ಕೆ ಪ್ಯಾಕ್ ಇಲ್ಲದೆ ಹೊಲಿಗೆ. 4-0 ವಿಕ್ರಿಲ್ ಅನ್ನೋ ತಾನಾಗೇ ಕರಗುವ ತೆಳು ದಾರದಲ್ಲಿ ನಡುಗೋಡೆಯ ಎರಡೂ ಬದಿಯ ಪೊರೆಗಳನ್ನು ಹಿಂದಿನಿಂದ ಮುಂದಕ್ಕೆ, ಈ ಕಡೆ ಆ ಕಡೆ ಚುಚ್ಚುತ್ತಾ ಬಂದು ಮುಂದೆ ಗಂಟು ಹಾಕೋದು. ಥೇಟ್ ಅಜ್ಜಿ ಕೌದಿ ಹೊಲಿದ ಹಾಗೆ. ಪೊರೆಗಳ ನಡುವೆ ಜಾಗವೇ ಉಳಿಯದಿದ್ದರೆ ಅಲ್ಲಿ ರಕ್ತ ನಿಲ್ಲಲ್ಲ. ಹೊಲಿಗೆ ಹಾಕಿದವರಿಗೆ ನೋವು ಕಡಿಮೆ ಅಂತ ಅಷ್ಟೊತ್ತಿಗೇ ಹಲವು ಅಧ್ಯಯನಗಳು ಹೇಳಿದ್ದವು, ಆದರೆ ನಮ್ಮ ವಾರ್ಡಿನಲ್ಲಿ ಪ್ಯಾಕೇ ನಡೀತಿತ್ತು.

ಹೊಲಿಗೆ ಕೈಗೆ ಹತ್ತಲು ನಾಲ್ಕೈದು ಕೇಸ್ ಸಾಕಾಯಿತು. ಒದ್ದಾಡಿದ್ದು ಉಳಿದದ್ದಕ್ಕೆ.

ಎಥಿಕ್ಸ್ ಕಮಿಟಿ ಮುಗಿಸಿ, ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆ ಪಟ್ಟಿಯಾದ ಸಿಟಿಆರ್‌ಐನಲ್ಲಿ ನೋಂದಣಿ ಮಾಡಿಸಿದೆ. 2018ರ ಏಪ್ರಿಲ್ 1ರಿಂದ ಅಲ್ಲಿ ಮೊದಲ ರೋಗಿ ಸೇರುವ ಮುನ್ನವೇ ನೋಂದಣಿ ಆಗಬೇಕು, ಆಮೇಲೆ ಹೋದರೆ ತಗೊಳ್ಳಲ್ಲ. ಇದು ಓಡಾಟದ ಕೆಲಸ, ಕಷ್ಟವೇನಲ್ಲ.

ಕಷ್ಟ ಆದದ್ದು ರೋಗಿಗಳ ಒಪ್ಪಿಗೆ ಕೇಳುವಾಗ. ಯಾರು ಯಾವ ಗುಂಪಿಗೆ ಅನ್ನೋದನ್ನ ನಾವು ಆರಿಸದೆ ಅದೃಷ್ಟಕ್ಕೆ ಬಿಡಬೇಕು. ರ‍್ಯಾಂಡಮೈಸೇಷನ್ ಅಂದರೆ ಏನಂತ ಹೇಳಲಿ? "ಚೀಟಿ ಎತ್ತತೀವ್ರಿ" ಅಂದೆ. ಹಾವೇರಿ ಕಡೆಯ ಒಬ್ಬರು ನನ್ನನ್ನೇ ದಿಟ್ಟಿಸಿ, "ನನ್ನ ಮೂಗಿಗೆ ಚೀಟಿ ಎತ್ತತೀರೇನ್ರಿ? ಯಾವುದು ಚಲೋ ಅಂತ ನಿಮಗ ಗೊತ್ತಿಲ್ಲೇನು?" ಅಂದರು. ಇಲ್ಲಿ, ನಮ್ಮ ಕೈಯಲ್ಲಿ ಯಾವುದು ಚಲೋ ಅಂತ ಗೊತ್ತಿಲ್ಲ ಅಂತ ಬಿಳಿ ಕೋಟು ಹಾಕಿಕೊಂಡು ಒಪ್ಪಿಕೊಳ್ಳೋದು ಸುಲಭವಲ್ಲ. ಒಪ್ಪಿಕೊಂಡೆ. ಅವರು ಸಹಿ ಹಾಕಿದರು.

ಚೀಟಿಗಳು ನಂಬರ್ ಹಾಕಿ ಅಂಟಿಸಿದ ಲಕೋಟೆಗಳಲ್ಲಿದ್ದವು. ಒಂದು ಸಂಜೆ ಸುಮ್ಮನೆ ಒಂದನ್ನು ಎಕ್ಸ್‌ರೇ ನೋಡುವ ಲೈಟ್ ಬಾಕ್ಸಿಗೆ ಹಿಡಿದೆ. ಒಳಗಿನ ಅಕ್ಷರ ಸ್ಪಷ್ಟವಾಗಿ ಕಂಡಿತು! ಮುಂದಿನ ಚೀಟಿ ಯಾವುದು ಅಂತ ಗೊತ್ತಾದರೆ, ತುಂಬಾ ಸೊಟ್ಟಗಿರುವ ಮೂಗನ್ನು ಇವತ್ತು ಬೇಡ ನಾಳೆ ಸೇರಿಸೋಣ ಅಂತ ಮನಸ್ಸು ಹೇಳಿಯೇ ಹೇಳುತ್ತೆ. ನನ್ನ ಮನಸ್ಸಿನ ಮೇಲೆ ನನಗೇನೂ ದೊಡ್ಡ ನಂಬಿಕೆ ಇರಲಿಲ್ಲ. ಎಕ್ಸ್‌ರೇ ಫಿಲ್ಮಿನ ಪೊಟ್ಟಣದ ಕಪ್ಪು ಕಾಗದ ತಂದು, ಅದರಲ್ಲಿ ಸುತ್ತಿ, ಎಲ್ಲವನ್ನೂ ಮತ್ತೆ ತುಂಬಿಡಲು ಸಹೋದ್ಯೋಗಿಯೊಬ್ಬರಿಗೆ ಕೊಟ್ಟೆ. ಚೀಟಿಗಳ ಕ್ರಮವನ್ನೂ ಅವರೇ ಹೊಸದಾಗಿ ಮಾಡಿದರು.

ನೋವು ಬರೆದುಕೊಳ್ಳುವ ಸಿಸ್ಟರ್‌ಗೆ ಗುಂಪು ತಿಳಿಯಬಾರದು ಅಂತ ಎಲ್ಲರ ಮೂಗಿನ ಕೆಳಗೂ ಒಂದೇ ಥರದ ಗಾಜ್ ಬಟ್ಟೆಯ ಮೀಸೆ ಅಂಟಿಸಿದೆವು. ರೋಗಿಗೆ ಹೇಗೂ ಗೊತ್ತಾಗುತ್ತೆ, ಅದಕ್ಕೆ ಮದ್ದಿಲ್ಲ. ಒಬ್ಬರಿಗಂತೂ ಹೊಲಿಗೆ ಚೀಟಿ ಬಂದಿತ್ತು, ಆದರೆ ಟೇಬಲ್ ಮೇಲೆಯೇ ರಕ್ತ ನಿಲ್ಲದೆ ಪ್ಯಾಕ್ ಹಾಕಬೇಕಾಯಿತು. ಅವರನ್ನು ಪ್ಯಾಕ್ ಗುಂಪಿಗೆ ತಳ್ಳಿದರೆ ಹೊಲಿಗೆಯ ಲೆಕ್ಕ ಚೆಂದ ಕಾಣುತ್ತಿತ್ತು. ಚೀಟಿ ಹೇಳಿದ ಗುಂಪಿನಲ್ಲೇ ಅವರು ಉಳಿದರು.

ನಾಲ್ಕು ವಾರಕ್ಕೆ ಎಂಡೋಸ್ಕೋಪಿ, ಒಳಗೆಲ್ಲಾದರೂ ಪೊರೆ ಅಂಟಿಕೊಂಡಿದೆಯಾ ಅಂತ ನೋಡಲು. ಆರಾಮಾದವರು ಬರಲೇ ಇಲ್ಲ. ಫೋನ್ ಮಾಡಿದರೆ "ಮೂಗು ಚಲೋ ಐತಿ, ಸುಗ್ಗಿ ಐತ್ರಿ" ಅಂತ ಇಡುತ್ತಿದ್ದರು. ತೊಂದರೆ ಇದ್ದವರನ್ನಷ್ಟೇ ನೋಡಿ ಲೆಕ್ಕ ಹಾಕಿದರೆ ಎರಡೂ ವಿಧಾನ ಕೆಟ್ಟದ್ದಾಗೇ ಕಾಣುತ್ತೆ. ಕೊನೆಗೆ ಸಂತೆ ದಿನ ಬನ್ನಿ, ಸಾಲಿನಲ್ಲಿ ನಿಲ್ಲಿಸಲ್ಲ ಅಂದ ಮೇಲೆ ಬಹಳಷ್ಟು ಜನ ಬಂದರು.

ನೋವು ಅಳೆಯಲು ಇಟ್ಟುಕೊಂಡದ್ದು ಹತ್ತು ಸೆಂಟಿಮೀಟರ್ ಗೆರೆ. ಎಡ ತುದಿಗೆ ನೋವೇ ಇಲ್ಲ, ಬಲ ತುದಿಗೆ ತಡೆಯಲಾರದ ನೋವು. ನಡುವೆ ರೋಗಿ ಗೀಟು ಹಾಕಬೇಕು, ನಾವು ಸ್ಕೇಲಿಟ್ಟು ಮಿಲಿಮೀಟರ್ ಓದಬೇಕು. ಹಳ್ಳಿಯ ಹಿರಿಯರೊಬ್ಬರು, ಪ್ಯಾಕ್ ಗುಂಪಿನವರು, ಪೆನ್ನನ್ನೇ ತಿರುಗಿಸಿ ತಿರುಗಿಸಿ ನೋಡಿ ಗೀಟೊಂದನ್ನು ಹಾಕಿದರು. 31 ಮಿ.ಮೀ. ಮುಖ ನೋಡಿದರೆ ಹಾಗನ್ನಿಸಲಿಲ್ಲ. ಮಾರನೇ ದಿನ ರೌಂಡ್ಸ್‌ನಲ್ಲಿ, "ಯಜಮಾನ್ರ, ನಿನ್ನೆ ರೂಪಾಯಿಗೆ ಎಷ್ಟಾಣೆ ನೋವಿತ್ರಿ?" ಅಂತ ಕೇಳಿದೆ. ಕ್ಷಣವೂ ತಡೆಯದೆ "ಹನ್ನೆರಡಾಣೆ" ಅಂದರು. ಹದಿನಾರಕ್ಕೆ ಹನ್ನೆರಡು, ಅಂದರೆ ಮುಕ್ಕಾಲು ಪಾಲು. ಹಾಗಾದರೆ ಗೀಟು ಅಷ್ಟು ಎಡಕ್ಕೆ ಯಾಕೆ?

"ದೂರ ಹಾಕಿದ್ರ ಮತ್ತ ಆಪರೇಷನ್ ಅಂತೀರಿ ಅಂತ ಅಂಜಿದೆ, ಡಾಕ್ಟ್ರ."

ಗೆರೆ ಬಿಟ್ಟು ಆಣೆಗೆ ಬದಲಾಯಿಸೋಣ ಅಂತ ಗೈಡ್ ಹತ್ತಿರ ಓಡಿದೆ. ಅರ್ಧ ರೋಗಿಗಳು ಮುಗಿದ ಮೇಲೆ ಅಳತೆಗೋಲು ಬದಲಿಸಿದರೆ ಮುಂಚಿನವರನ್ನು ಏನು ಮಾಡ್ತೀಯಾ ಅಂತ ಅವರು ಕೇಳಿದರು. ಶುರುವಿನಲ್ಲೇ ಐದಾರು ಜನರ ಮೇಲೆ ಗೆರೆಯನ್ನು ಪರೀಕ್ಷಿಸಿದ್ದರೆ ಇದು ಸಿಗುತ್ತಿತ್ತು. ಮಾಡಿರಲಿಲ್ಲ. ಫಾರಂನ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ "12 ಆಣೆ" ಅಂತ ಬರೆದಿಟ್ಟೆ. ಎಕ್ಸೆಲ್ ಶೀಟಿಗೆ ಹೋದದ್ದು 31.